ಕೂಲಿ ದರ ಏರಿದೆ, ಹಾಜರಿ ಏರಿದೆಯೇ?

ವಿಜಯಪುರದಲ್ಲಿ ಈಗ ಮನೆ ಕಟ್ಟಿಸುತ್ತಿರುವ ಯಾರನ್ನಾದರೂ ಮಾತಿಗೆಳೆದು ನೋಡಿ. ಸಿಮೆಂಟ್ ರೇಟಿಗಿಂತ ಮೊದಲು ಬರುವುದು ಗೌಂಡಿಯ (ಗಾರೆ ಕೆಲಸದವನ) ಮೇಲಿನ ಸಿಟ್ಟು. ‘ಗೌಂಡಿ ಸಿಗೋದಿಲ್ಲ. ಸಿಕ್ಕರೆ ಕೇಳಿದಷ್ಟು ಕೊಡಬೇಕು. ಕೊಟ್ಟರೂ ಮೂರು ದಿನ ಬಂದು ನಾಲ್ಕನೇ ದಿನ ಫೋನ್ ಎತ್ತೋದಿಲ್ಲ.’ ಅದೇ ಊರಿನ ದೊಡ್ಡ ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ನಿಂತರೆ ಇನ್ನೊಂದು ನೋಟ ಸಿಗುತ್ತದೆ. ಬುತ್ತಿ ಗಂಟು ಹಿಡಿದು ಬಂದ ಹತ್ತಾರು ಜನ ಕೆಲಸ ಸಿಗದೆ ವಾಪಸ್ ಹೊರಟಿರುತ್ತಾರೆ. ಒಂದು ಕಡೆ ಆಳು ಸಿಗುತ್ತಿಲ್ಲ, ಇನ್ನೊಂದು ಕಡೆ ಕೆಲಸ ಸಿಗುತ್ತಿಲ್ಲ. ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಅಲ್ವಾ?

ಇಲ್ಲ, ಎರಡೂ ನಿಜ. ನಿರ್ಮಾಣ ವಲಯದ ಉದ್ಯೋಗ ಮತ್ತು ಕೂಲಿ ಏರಿಕೆಯ ಬಗ್ಗೆ ಬರುವ ಸುದ್ದಿಗಳಲ್ಲಿ ಒಂದು ಲೆಕ್ಕ ಸದಾ ಬಿಟ್ಟುಹೋಗಿರುತ್ತದೆ. ದಿನಕ್ಕೆ ಎಷ್ಟು ಕೂಲಿ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ವರ್ಷಕ್ಕೆ ಎಷ್ಟು ಹಾಜರಿ, ಅಂದರೆ ಎಷ್ಟು ದಿನ ಕೆಲಸ ಅನ್ನುವುದನ್ನು ಯಾರೂ ಬರೆಯುವುದಿಲ್ಲ.

ಮೊದಲು ದೊಡ್ಡ ಚಿತ್ರ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 12 ಜನ ಕಟ್ಟಡ, ರಸ್ತೆ, ಸೇತುವೆ ಕೆಲಸದಲ್ಲಿದ್ದಾರೆ. ಕಾರ್ಖಾನೆಗಳಲ್ಲಿ ಇರುವವರೂ ಹೆಚ್ಚುಕಡಿಮೆ ಅಷ್ಟೇ. ಹೊಲ ಬಿಟ್ಟು ಬಂದವರಿಗೆ ಮೊದಲು ಸಿಗುವ ಕೆಲಸ ಫ್ಯಾಕ್ಟರಿಯದ್ದಲ್ಲ, ಬುಟ್ಟಿ ಹೊರುವುದು. ಹಳ್ಳಿಗಳಲ್ಲಿ ನಿರ್ಮಾಣ ಕೂಲಿಕಾರರಿಗೆ ಸಿಗುವ ದಿನಗೂಲಿಯ ಸರಾಸರಿಯನ್ನು ರಿಸರ್ವ್ ಬ್ಯಾಂಕ್ ರಾಜ್ಯವಾರು ಪ್ರಕಟಿಸುತ್ತದೆ. 2022-23ರಲ್ಲಿ ದೇಶದ ಸರಾಸರಿ 393 ರೂಪಾಯಿ. ಕೇರಳದಲ್ಲಿ 852, ಮಧ್ಯಪ್ರದೇಶದಲ್ಲಿ 278. ಒಂದೇ ದೇಶ, ಒಂದೇ ಇಟ್ಟಿಗೆ, ಆದರೆ ಕೂಲಿಯಲ್ಲಿ ಮೂರು ಪಟ್ಟು ವ್ಯತ್ಯಾಸ. ವಿಜಯಪುರದ ಹುಡುಗ ಗೋವಾಕ್ಕೋ ಮಂಗಳೂರಿಗೋ ಬಸ್ ಹತ್ತುವುದು ಯಾಕೆ ಅಂತ ಊರಿಂದ ಊರಿಗೆ ಕೂಲಿ ಹೀಗೆ ಬದಲಾಗುವುದನ್ನು ನೋಡಿದರೆ ಅರ್ಧ ಅರ್ಥವಾಗುತ್ತದೆ. ಉಳಿದ ಅರ್ಧಕ್ಕೆ ಆಮೇಲೆ ಬರೋಣ.

ಕೂಲಿ ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಸುಳ್ಳಲ್ಲ. ಆದರೆ ಅಕ್ಕಿ, ಎಣ್ಣೆ, ಮನೆ ಬಾಡಿಗೆ, ಮಕ್ಕಳ ಫೀಸೂ ಏರುತ್ತಿವೆ. ಬೆಲೆಯೇರಿಕೆ ಕಳೆದು ನೋಡಿದರೆ 2014-15ರಿಂದ 2021-22ರವರೆಗೆ ಹಳ್ಳಿಯ ಕೂಲಿ ವರ್ಷಕ್ಕೆ ಶೇ 1ರಷ್ಟೂ ಬೆಳೆದಿಲ್ಲ, ನಿರ್ಮಾಣ ಕೂಲಿಯಂತೂ ನಿಂತಲ್ಲೇ ನಿಂತಿದೆ ಅಂತ ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೇಜ್ 2023ರಲ್ಲಿ ತೋರಿಸಿದರು. ಅವರು ಬಳಸಿದ್ದೂ ಸರ್ಕಾರಿ ಅಂಕಿಗಳನ್ನೇ.

ಇಷ್ಟಾದರೂ ಅದು ದಿನಗೂಲಿಯ ಲೆಕ್ಕ. ಕೆಲಸ ಸಿಕ್ಕ ದಿನ ಎಷ್ಟು ಸಿಕ್ಕಿತು ಅನ್ನುವುದರ ಸರಾಸರಿ. ಸರ್ಕಲ್ಲಿನಿಂದ ವಾಪಸ್ ಹೋದವನ ದಿನ ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ.

ಮೇಸ್ತ್ರಿಯ ವಹಿಯಲ್ಲಿರುವ ಲೆಕ್ಕ

ಸುಮ್ನೆ ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಗೌಂಡಿಯ ಕೂಲಿ ದಿನಕ್ಕೆ 800 ರೂಪಾಯಿ. ತಿಂಗಳಿಗೆ 26 ದಿನದಂತೆ ಗುಣಿಸಿದರೆ ವರ್ಷಕ್ಕೆ ಎರಡೂವರೆ ಲಕ್ಷ ಹತ್ತಿರ ಬರುತ್ತದೆ. ಮನೆ ಮಾಲೀಕರು ತಲೆಯಲ್ಲಿ ಹಾಕಿಕೊಳ್ಳುವುದು ಈ ಲೆಕ್ಕವನ್ನೇ. ‘ನನ್ನ ಮಗ ಡಿಗ್ರಿ ಮಾಡಿ ಇಷ್ಟು ತರೋದಿಲ್ಲ’ ಅನ್ನುವ ಮಾತು ಹುಟ್ಟುವುದೂ ಇಲ್ಲೇ. ಅದೇ ಗೌಂಡಿಗೆ ವರ್ಷದಲ್ಲಿ 190 ಹಾಜರಿ ಬಿದ್ದರೆ ಕೈಗೆ ಬರುವುದು 1,52,000. ಮುಂದಿನ ವರ್ಷ ಕೂಲಿ ನೂರಕ್ಕೆ ಹತ್ತು ಏರಿ 880 ಆಯಿತು, ಹಾಜರಿ ಮಾತ್ರ 170ಕ್ಕೆ ಇಳಿಯಿತು ಅನ್ನಿ. ಆಗ ಸಿಗುವುದು 1,49,600. ಕೂಲಿ ಶೇ 10 ಏರಿದೆ, ಮನೆಗೆ ಬಂದ ದುಡ್ಡು ಕಡಿಮೆಯಾಗಿದೆ. ಪತ್ರಿಕೆಯಲ್ಲಿ ‘ಕಾರ್ಮಿಕರ ಕೂಲಿ ಏರಿಕೆ’ ಅಂತ ಬರುತ್ತದೆ, ಅದೂ ಸುಳ್ಳಲ್ಲ.

ಹಾಗಾದರೆ ಹಾಜರಿ ಎಲ್ಲಿ ಕಳೆದುಹೋಗುತ್ತದೆ? ಇದಕ್ಕೆ ನಮ್ಮ ಜಿಲ್ಲೆಯ ಕ್ಯಾಲೆಂಡರನ್ನೇ ನೋಡಬೇಕು. ಅಮಾವಾಸ್ಯೆಗೆ ಗೌಂಡಿ ಕೆಲಸಕ್ಕೆ ರಜೆ, ಯಾರೂ ಕೇಳುವ ಹಾಗಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಆಮೇಲೆ ಅವರವರ ಊರಿನ ಜಾತ್ರೆ. ನಾಗರ ಪಂಚಮಿ, ಎಳ್ಳ ಅಮಾವಾಸ್ಯೆ, ಮೊಹರಂ. ಆಷಾಢದಲ್ಲಿ ಹೊಸ ಮನೆಗೆ ಯಾರೂ ಪಾಯ ತೆಗೆಸುವುದಿಲ್ಲ. ನಮ್ಮಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ, ಚಡಚಣ, ಆಲಮೇಲ ಕಡೆ ಹಳ್ಳಿಗಳೇ ನೀರಲ್ಲಿ ನಿಂತಾಗ, ಕಟ್ಟಡ ಕೆಲಸದ ಮಾತನ್ನು ಯಾರು ಎತ್ತುತ್ತಾರೆ? ಮಳೆಗಾಲದಲ್ಲಿ ನದಿಯ ಉಸುಕು ತೆಗೆಯುವ ಹಾಗಿಲ್ಲ. ಕಲ್ಲು ಪುಡಿ ಮಾಡಿ ತೆಗೆಯುವ ಎಂ-ಸ್ಯಾಂಡ್ ಬಂದ ಮೇಲೆ ಆ ತೊಂದರೆ ಅಷ್ಟಿಷ್ಟು ತಗ್ಗಿದೆ. ಆದರೆ ಕ್ರಷರ್‌ನವರು, ಟಿಪ್ಪರ್‌ನವರು ಒಂದು ವಾರ ಕೆಲಸ ನಿಲ್ಲಿಸಿದರೆ ಗೌಂಡಿಯೂ ವಾರಗಟ್ಟಲೆ ಸುಮ್ಮನೆ ಕೂರಬೇಕು.

ಬೇಸಿಗೆಯ ಕಥೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳ ಸಮಯವನ್ನೂ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಒಳ್ಳೆಯ ಕ್ರಮ, ಬಿಸಿಲು ಹಾಗಿರುತ್ತದೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಮಯ ಕಡಿಮೆಯಾದರೂ ಸಂಬಳ ಪೂರ್ತಿ. ಸ್ಲ್ಯಾಬ್ ಮೇಲೆ ನಿಲ್ಲುವವನು ಒಂದು ಗಂಟೆಗೆ ಕೆಳಗಿಳಿದರೆ ಅವನ ಹೆಸರಿನ ಮುಂದೆ ಅರ್ಧ ಹಾಜರಿ ಬೀಳುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ಅರ್ಧ ಹಾಜರಿಗಳು ಹೆಚ್ಚುತ್ತವೆ. ದಿನಗೂಲಿಯ ಸರಾಸರಿಯಲ್ಲಿ ಇವಕ್ಕೆ ಜಾಗ ಇಲ್ಲ.

ಇನ್ನೊಂದು ಕಾರಣ ಮನೆ ಕಟ್ಟಿಸುವವನ ಜೇಬು. ಇಲ್ಲಿ ಮನೆ ಏಳುವುದು ಕಂತು ಕಂತಾಗಿ. ಕಬ್ಬಿನ ಬಿಲ್ ಬಂತು, ಪಾಯ ಆಯಿತು. ತೊಗರಿ ಮಾರಿದ ದುಡ್ಡು ಬಂತು, ಲಿಂಟಲ್‌ವರೆಗೆ ಗೋಡೆ ಎದ್ದಿತು. ಆಮೇಲೆ ಬ್ಯಾಂಕ್ ಸಾಲದ ಎರಡನೇ ಕಂತಿಗೆ ಕಾಯುವುದು. ಆ ಕಾಯುವ ತಿಂಗಳಲ್ಲಿ ಮಾಲೀಕನಿಗೆ ಬಡ್ಡಿ ಚಿಂತೆ. ಗೌಂಡಿಗೆ ಬಟವಾಡೆಯೇ ಇಲ್ಲ.

ಗೌಂಡಿ ಫೋನ್ ಎತ್ತದ್ದು ಯಾಕೆ

ಒಂದು ಸ್ಲ್ಯಾಬ್ ದಿನವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೂವತ್ತು-ನಲವತ್ತರ ಸೈಟಿನ ಮನೆ ಅನ್ನಿ. ಮೊದಲು ಸ್ಲ್ಯಾಬ್ ಹಾಕುವುದೆಂದರೆ ಮನೆ ಮುಂದೆ ಒಂದು ಸಣ್ಣ ಜಾತ್ರೆಯೇ ನೆರೆಯುತ್ತಿತ್ತು. ಖಡಿ, ಉಸುಕು, ಸಿಮೆಂಟ್ ಕಲಿಸುವವರು, ಏಣಿ ಮೇಲೆ ಸಾಲಾಗಿ ನಿಂತು ಬುಟ್ಟಿ ದಾಟಿಸುವ ಹೆಣ್ಣಾಳುಗಳು, ಮೇಲೆ ಮಾಲು ಹರಡುವವರು, ಎಲ್ಲ ಸೇರಿ ಮೂವತ್ತು ನಲವತ್ತು ಮಂದಿ. ಈಗ ಲಿಫ್ಟ್ ಇರುವ ಮಿಕ್ಸರ್ ಬಂದಿದೆ. ಸ್ಲ್ಯಾಬ್ ಗ್ಯಾಂಗಿನವರೇ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಬರುತ್ತಾರೆ. ಎಷ್ಟು ಚೀಲ ಸಿಮೆಂಟ್ ಹಾಕಿದರು ಅನ್ನುವುದರ ಮೇಲೆ ದುಡ್ಡು ಮಾತಾಡಿಕೊಂಡು, ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೋ ಸಂಜೆಗೋ ಮುಗಿಸಿ ಹೊರಡುತ್ತಾರೆ. ಜನ ಅರ್ಧಕ್ಕರ್ಧ ಕಡಿಮೆ. ದೊಡ್ಡ ಕಟ್ಟಡಗಳಿಗೆ ರೆಡಿಮಿಕ್ಸ್ ಪಂಪ್ ಬಂದರೆ ಅದಕ್ಕೂ ಅರ್ಧ ಸಾಕು. ಒಬ್ಬೊಬ್ಬರಿಗೆ ಸಿಗುವ ದುಡ್ಡು ಮೊದಲಿಗಿಂತ ಜಾಸ್ತಿ, ಖರೆ. ಆದರೆ ಅದು ಸಿಗುವ ಜನರೇ ಕಡಿಮೆ.

ಸ್ಲ್ಯಾಬ್ ಹಾಕಿದ ಮರುದಿನದಿಂದ ಎರಡು ಮೂರು ವಾರ ಆ ಮನೆಯಲ್ಲಿ ಗೌಂಡಿಗೆ ಕೆಲಸವೇ ಇಲ್ಲ. ಸೆಂಟ್ರಿಂಗ್ ಬಿಚ್ಚುವ ಹಾಗಿಲ್ಲ, ಕೆಳಗೆಲ್ಲ ಕಂಬ ನಿಂತಿರುತ್ತವೆ. ಬೆಳಿಗ್ಗೆ ಸಂಜೆ ನೀರು ಕಟ್ಟುವುದೊಂದೇ ಕೆಲಸ, ಅದನ್ನು ಮಾಲೀಕರೇ ಮಾಡಿಕೊಳ್ಳುತ್ತಾರೆ. ಆ ಮೂರು ವಾರ ಗೌಂಡಿ ಏನು ಮಾಡಬೇಕು? ಇನ್ನೊಂದು ಮನೆ ಹಿಡಿಯುತ್ತಾನೆ. ಸೆಂಟ್ರಿಂಗ್ ಬಿಚ್ಚಿ ಗಿಲಾವಿಗೆ (ಪ್ಲಾಸ್ಟರಿಂಗ್‌ಗೆ) ಕರೆಯುವ ಹೊತ್ತಿಗೆ ಎರಡನೇ ಮನೆಯ ಗೋಡೆ ಅರ್ಧಕ್ಕೆ ಬಂದಿರುತ್ತದೆ. ಈಗ ಇಬ್ಬರು ಮಾಲೀಕರು, ಒಬ್ಬ ಗೌಂಡಿ. ಯಾರಿಗೂ ಇಲ್ಲ ಅನ್ನಲಾಗದೆ ಮೂರು ದಿನ ಇಲ್ಲಿ, ಎರಡು ದಿನ ಅಲ್ಲಿ. ಇಬ್ಬರೂ ಬೈಯುತ್ತಾರೆ.

ಒಬ್ಬನೇ ಮಾಲೀಕನ ಮನೆ ಹಿಡಿದು ಕೂತರೆ ವರ್ಷದಲ್ಲಿ ತಿಂಗಳುಗಟ್ಟಲೆ ಖಾಲಿ ಇರಬೇಕಾಗುತ್ತದೆ ಅಂತ ಅವನಿಗೆ ಗೊತ್ತು. ಅದಕ್ಕೇ ಒಟ್ಟಿಗೆ ಎರಡು ಮೂರು ಮನೆ ಇಟ್ಟುಕೊಳ್ಳುತ್ತಾನೆ. ನಾವು ಅದನ್ನು ಸೊಕ್ಕು ಅನ್ನುತ್ತೇವೆ. ಕೇಳಿದ ಕೂಲಿಯಲ್ಲೂ ಖಾಲಿ ದಿನಗಳ ಪಾಲು ಸೇರಿರುತ್ತದೆ. ತಿಂಗಳಿಗೆ 25 ದಿನ ಗ್ಯಾರಂಟಿ ಕೆಲಸ ಅಂದರೆ ಸ್ವಲ್ಪ ಕಡಿಮೆಗೂ ಬರುವ ಗೌಂಡಿಗಳು ಇದ್ದಾರೆ. ಆ ಗ್ಯಾರಂಟಿಯನ್ನು ಒಂದೇ ಮನೆ ಕಟ್ಟಿಸುವವನು ಕೊಡಲಾರ. ದೊಡ್ಡ ಗುತ್ತೇದಾರ ಕೊಡಬಲ್ಲ, ಅವನು ಪುಣೆ, ಬೆಂಗಳೂರು, ಗೋವಾದಲ್ಲಿದ್ದಾನೆ.

ವಲಸೆಯ ಉಳಿದ ಅರ್ಧ ಉತ್ತರ ಇದೇ. ಗೋವಾದಲ್ಲಿ ಕೂಲಿ ಜಾಸ್ತಿ ಅನ್ನುವುದು ಒಂದು ಭಾಗ. ಅಲ್ಲಿ ಬಾಡಿಗೆಯೂ ಜಾಸ್ತಿ, ಊಟವೂ ತುಟ್ಟಿ. ಆದರೆ ಹಾಜರಿ ತಪ್ಪುವುದಿಲ್ಲ. ಒಂದು ಸೈಟಿನಲ್ಲಿ ಒಂದು ಬ್ಲಾಕಿನ ಸ್ಲ್ಯಾಬ್ ಆದರೆ ಪಕ್ಕದ ಬ್ಲಾಕಿನ ಗೋಡೆ ಕಾದಿರುತ್ತದೆ. ನಮ್ಮ ತಾಂಡಾಗಳಿಂದ ಗಂಡ ಹೆಂಡತಿ ಇಬ್ಬರೂ ಹೋಗುವುದು, ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವುದು, ಜಾತ್ರೆಗೋ ಮತ ಹಾಕಲಿಕ್ಕೋ ಬಂದು ಮತ್ತೆ ಬಸ್ ಹತ್ತುವುದು, ಇವೆಲ್ಲ ಹಾಜರಿಯ ಬೆನ್ನು ಹತ್ತಿ ಹೋದ ಓಡಾಟ.

ಇದರ ಇನ್ನೊಂದು ಮುಖವೂ ಇದೆ. ಇಲ್ಲಿಯವರು ಹೊರಗೆ ಹೋಗುತ್ತಿದ್ದರೆ ಟೈಲ್ಸ್, ಗ್ರಾನೈಟ್, ಪಿಒಪಿ ಕೆಲಸಕ್ಕೆ ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರದ ಹುಡುಗರು ಇಲ್ಲಿಗೆ ಬರುತ್ತಿದ್ದಾರೆ. ಗ್ರಾನೈಟ್ ಅಂತೂ ಪಕ್ಕದ ಇಳಕಲ್ಲಿನದೇ ಇರಬಹುದು. ಅದನ್ನು ಕೂರಿಸುವ ಕೈ ಜೋಧಪುರ ಕಡೆಯದ್ದು. ಅವರು ಚದರಡಿ ಲೆಕ್ಕದಲ್ಲಿ ಕೆಲಸ ಹಿಡಿಯುತ್ತಾರೆ, ಅದೇ ಮನೆಯಲ್ಲಿ ಮಲಗುತ್ತಾರೆ, ಅಮಾವಾಸ್ಯೆ ಜಾತ್ರೆ ಅನ್ನದೆ ದುಡಿಯುತ್ತಾರೆ. ಮಾಲೀಕರಿಗೆ ಖುಷಿ. ಆದರೆ ಮನೆಯ ಕೆಲಸದಲ್ಲಿ ಜಾಸ್ತಿ ದುಡ್ಡು ಹುಟ್ಟುವುದು ಈ ಕೊನೆಯ ಫಿನಿಶಿಂಗ್‌ನಲ್ಲಿ. ಮಳೆ ಬಂದರೂ ಒಳಗೆ ನಡೆಯುವ ಕೆಲಸವೂ ಇದೇ. ಬಿಸಿಲು ಮಳೆಗೆ ನಿಲ್ಲುವ ಪಾಯ, ಗೋಡೆ, ಸ್ಲ್ಯಾಬ್ ಮಾತ್ರ ನಮ್ಮವರಿಗೆ ಉಳಿದಿವೆ. ಐಟಿಐಗಳಲ್ಲಿ ಈ ಕೆಲಸ ಕಲಿಸುವ ಸಣ್ಣ ಕೋರ್ಸುಗಳು ಗಟ್ಟಿಯಾಗಿ ನಡೆದರೆ ನಮ್ಮ ಹುಡುಗರಿಗೆ ವರ್ಷಕ್ಕೆ ಎಷ್ಟೋ ಹಾಜರಿ ಸೇರುತ್ತದೆ ಅಂತ ನನ್ನ ಅನಿಸಿಕೆ.

ಹೆಣ್ಣಾಳಿನ ಲೆಕ್ಕ

ನಿರ್ಮಾಣ ಕೆಲಸದಲ್ಲಿ ಮೇಲೇರಲು ಒಂದೇ ಮೆಟ್ಟಿಲು, ಹೆಲ್ಪರ್‌ನಿಂದ ಗೌಂಡಿ. ಹದಿನೆಂಟರ ಹುಡುಗ ಎರಡು ಮೂರು ವರ್ಷ ಇಟ್ಟಿಗೆ ಕೊಟ್ಟು, ಮಾಲು ಕಲಿಸಿ, ಮೇಸ್ತ್ರಿಯ ಬೈಗುಳ ತಿಂದು ಕೈಗೆ ಗಾರೆ ಮೆತ್ತುವ ಕರಣಿ ಹಿಡಿಯುತ್ತಾನೆ. ಅಲ್ಲಿಂದ ಅವನ ಕೂಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅದೇ ಸೈಟಿನಲ್ಲಿ ಇಪ್ಪತ್ತು ವರ್ಷದಿಂದ ಬುಟ್ಟಿ ಹೊರುತ್ತಿರುವ ಹೆಂಗಸಿಗೆ ಯಾವ ಮಾಲಿಗೆ ಎಷ್ಟು ನೀರು ಅನ್ನುವುದು ಕಣ್ಣಳತೆಯಲ್ಲೇ ಗೊತ್ತು. ಅವಳ ಕೈಗೆ ಕರಣಿ ಬರುವುದಿಲ್ಲ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನುವ ಕಾಯ್ದೆ 1976ರಿಂದ ಇದೆ, ಈಗ ವೇತನ ಸಂಹಿತೆಯಲ್ಲೂ ಇದೆ. ಗುತ್ತೇದಾರನ ಉತ್ತರ ಸಿದ್ಧವಿರುತ್ತದೆ: ‘ಅವರ ಕೆಲಸ ಬೇರೆ, ಇವರ ಕೆಲಸ ಬೇರೆ.’ ಬೇರೆ ಮಾಡಿಟ್ಟವರು ಯಾರು ಅಂತ ಕೇಳುವವರಿಲ್ಲ.

ಲಿಫ್ಟ್ ಮಿಕ್ಸರ್ ಬಂದಾಗ ಮೊದಲು ಕೆಲಸ ಹೋದದ್ದು ಏಣಿ ಮೇಲೆ ಸಾಲು ನಿಂತಿದ್ದ ಇವರದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾದ ಮೇಲೆ ಒಂದು ಒಳ್ಳೆಯ ಬದಲಾವಣೆ ಆಯಿತು. ಊರಿಂದ ಊರಿಗೆ ಕೆಲಸ ಹುಡುಕಿ ಹೋಗುವ ಖರ್ಚು ಇಳಿಯಿತು. ದಿನಕ್ಕೆ ಮೂವತ್ತು ನಲವತ್ತು ರೂಪಾಯಿ ಬಸ್ಸಿಗೆ ಹಾಕುತ್ತಿದ್ದ ಹೆಣ್ಣಾಳಿಗೆ ಅದು ಕೂಲಿ ಏರಿದ ಹಾಗೆಯೇ. ಕೆಲಸ ಸಿಗದೆ ವಾಪಸ್ ಬಂದ ದಿನವೂ ಕೈಯಿಂದ ದುಡ್ಡು ಹೋಗುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಮೇಲೆ ‘ಹೆಂಗಸರು ಕೆಲಸಕ್ಕೆ ಬರೋದಿಲ್ಲ’ ಅಂತ ಗೊಣಗುವವರು ಸಿಗುತ್ತಾರೆ. ತಿಂಗಳಿಗೆ ಎರಡು ಸಾವಿರಕ್ಕೆ ಮನೆ ನಡೆಯುವುದಿಲ್ಲ ಅಂತ ಅವರಿಗೂ ಗೊತ್ತು. ತೀರಾ ಕಡಿಮೆ ಕೂಲಿಗೆ ‘ಒಲ್ಲೆ’ ಅನ್ನುವ ಧೈರ್ಯ ಒಂದಿಷ್ಟು ಬಂದಿರಬಹುದು. ಅದು ಬರಬೇಕಾದದ್ದೇ.

ನರೇಗಾ ಕೂಲಿಯನ್ನೂ ಇಲ್ಲೇ ನೋಡಿಬಿಡೋಣ, ಯಾಕೆಂದರೆ ಹೆಲ್ಪರ್ ಕೂಲಿಗೆ ತಳಪಾಯವಾಗಿದ್ದದ್ದು ಅದೇ. ಕರ್ನಾಟಕದಲ್ಲಿ 2020-21ರಲ್ಲಿ ದಿನಕ್ಕೆ 275 ರೂಪಾಯಿ ಇತ್ತು. 2023-24ರಲ್ಲಿ 316, ಮರುವರ್ಷ 349, 2025-26ಕ್ಕೆ 370. ಐದು ವರ್ಷದಲ್ಲಿ 95 ರೂಪಾಯಿ, ಅಂದರೆ ವರ್ಷಕ್ಕೆ ಸುಮಾರು ಶೇ 6. ಬೆಲೆಯೇರಿಕೆ ಕಳೆದರೆ ವರ್ಷಕ್ಕೆ ನೂರಕ್ಕೆ ಒಂದರ ಆಸುಪಾಸು ಉಳಿಯುತ್ತದೆ. ಹಳ್ಳಿಯ ಬಡವರ ಮನೆಗೆ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಕೇಂದ್ರ ನಿಗದಿ ಮಾಡಿದ ನೆರವು 2016ರಲ್ಲಿ 1.20 ಲಕ್ಷ ಇತ್ತು, ಈಗಲೂ ಅಷ್ಟೇ. ಜೊತೆಗೆ 90 ದಿನದ ನರೇಗಾ ಕೂಲಿ. ಗೌಂಡಿಯ ಕೂಲಿ ಏರಿತು, ಮನೆಯ ನೆರವು ಏರಲಿಲ್ಲ. ಹಾಗಾಗಿ ಆ ಮನೆಗಳಲ್ಲಿ ಹೆಲ್ಪರ್ ಕೆಲಸವನ್ನು ಮನೆಯವರೇ ಮಾಡುತ್ತಾರೆ. ಅದು ಯಾರ ವಹಿಯಲ್ಲೂ ಹಾಜರಿ ಆಗುವುದಿಲ್ಲ.

90 ದಿನ, 10 ಲಕ್ಷ, 50 ಲಕ್ಷ

ಈಗ ಕಾನೂನಿಗೆ ಬರೋಣ. ದಿನಗಳ ಲೆಕ್ಕ ಇಲ್ಲದಿರುವುದು ದುಬಾರಿಯಾಗುವುದು ಇಲ್ಲೇ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಎರಡು ಕಾಯ್ದೆ ಬಂದವು. ಕಟ್ಟಡದ ಖರ್ಚಿನ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಸೂಲಿ ಮಾಡಿ, ಆ ದುಡ್ಡನ್ನು ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕು ಅನ್ನುವುದು ಅವುಗಳ ತಿರುಳು. ಕರ್ನಾಟಕದಲ್ಲಿ ವಸೂಲಿ ಆಗುವುದು ಶೇ 1. ಪಿಂಚಣಿ, ಹೆರಿಗೆ ನೆರವು, ಮದುವೆ ನೆರವು, ಮಕ್ಕಳ ಓದಿನ ಸಹಾಯಧನ, ಅಪಘಾತ ಪರಿಹಾರ ಎಲ್ಲ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಬರುತ್ತವೆ. 2020ರ ಲಾಕ್‌ಡೌನ್‌ನಲ್ಲಿ ನೋಂದಾಯಿತ ಕಾರ್ಮಿಕರ ಖಾತೆಗೆ ಮೊದಲು 2,000, ಆಮೇಲೆ 3,000 ರೂಪಾಯಿ ಅಂತ ಘೋಷಣೆ ಆದಾಗ ಕಾರ್ಡ್ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಗೊತ್ತಾಯಿತು. ಕಾರ್ಡಿಗಾಗಿ ಓಟ ಶುರುವಾದದ್ದು ಆಮೇಲೆ.

ನೋಂದಣಿಗೆ 18ರಿಂದ 60ರ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾಯ್ದೆ ಕೇಳುವುದು ಹಾಜರಿಯನ್ನೇ! ಆದರೆ ಅದನ್ನು ಬರೆದಿಟ್ಟವರು ಯಾರು? ನಮ್ಮ ಗೌಂಡಿ ವರ್ಷದಲ್ಲಿ ಎಂಟು ಹತ್ತು ಮಾಲೀಕರ ಹತ್ತಿರ ದುಡಿದಿರುತ್ತಾನೆ. ಒಬ್ಬರ ಹತ್ತಿರವೂ ರಿಜಿಸ್ಟರ್ ಇಲ್ಲ. ಮೇಸ್ತ್ರಿಯ ಜೇಬಿನ ಸಣ್ಣ ವಹಿ ಬಟವಾಡೆ ಮುಗಿದ ಮೇಲೆ ಹರಿದು ಹೋಗುತ್ತದೆ. ಹಾಗಾಗಿ 90 ದಿನದ ಪ್ರಮಾಣಪತ್ರ ಅನ್ನುವುದು ಸಹಿ ಹಾಕುವವರು ಸಿಕ್ಕರೆ ಸಿಗುವ ಕಾಗದವಾಯಿತು. ಸಹಿ ಸಿಗದ ನಿಜವಾದ ಹೆಲ್ಪರ್ ಹೊರಗುಳಿದ. ಕರಣಿ ಮುಟ್ಟದವರು ಒಳಗೆ ಬಂದರು. ನಕಲಿ ಕಾರ್ಡ್ ರದ್ದು ಮಾಡಲು ಇಲಾಖೆ ಅಭಿಯಾನ ನಡೆಸಬೇಕಾಯಿತು. ಆ ಅಭಿಯಾನದಲ್ಲೂ ಮತ್ತೆ ಕೇಳುವುದು ಅದೇ 90 ದಿನದ ಕಾಗದ.

ನರೇಗಾದಲ್ಲಿ 2023ರಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದ ಕಡೆ ಅದೊಂದು ಗೋಳು, ಅದು ಬೇರೆ ಮಾತು. 370 ರೂಪಾಯಿ ಕೂಲಿಗೆ ಇಷ್ಟು ಕಣ್ಗಾವಲು. ಅದರ ಎರಡು ಪಟ್ಟು ಕೂಲಿಯ ಗೌಂಡಿ ಇವತ್ತು ಕೆಲಸಕ್ಕೆ ಬಂದನೋ ಇಲ್ಲವೋ ಅನ್ನುವುದಕ್ಕೆ ಎಲ್ಲೂ ಗುರುತಿಲ್ಲ.

ಸಂಗ್ರಹವಾದ ದುಡ್ಡು ಖರ್ಚಾದ ರೀತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆಸ್ ದುಡ್ಡಿನಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷಿನ್ ಕೊಂಡ ಸಂಗತಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2018ರ ತೀರ್ಪಿನಲ್ಲಿ ಕೋರ್ಟ್ ಸರ್ಕಾರಗಳಿಗೆ ಕಟುವಾಗಿಯೇ ಹೇಳಿತ್ತು.

ನಮ್ಮಂಥ ಜಿಲ್ಲೆಗಳಿಗೆ ಮುಖ್ಯವಾದ ಬದಲಾವಣೆ ಈಚೆಗೆ ಆಗಿದೆ, ಅದರ ಚರ್ಚೆಯೇ ಇಲ್ಲ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸೆಸ್ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಹಳೆಯ ಕಾಯ್ದೆಯಲ್ಲಿ ಸ್ವಂತಕ್ಕೆ ಕಟ್ಟಿಕೊಳ್ಳುವ ಮನೆಯ ಖರ್ಚು 10 ಲಕ್ಷ ಮೀರದಿದ್ದರೆ ಅದಕ್ಕೆ ವಿನಾಯಿತಿ ಇತ್ತು. ಹೊಸ ಸಂಹಿತೆಯಲ್ಲಿ ಈ ಮಿತಿ 50 ಲಕ್ಷ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಾಮಗಾರಿಯೂ ಹೊರಗೆ.

ಬೆಂಗಳೂರಿನಲ್ಲಿ 50 ಲಕ್ಷದ ಮಿತಿ ಅಂದರೆ ಸಣ್ಣ ಮನೆಗಳಿಗಷ್ಟೇ ರಿಯಾಯಿತಿ. ಅಲ್ಲಿ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಮೆಟ್ರೊ ಸೆಸ್ ತುಂಬುತ್ತವೆ. ವಿಜಯಪುರ, ಬಾಗಲಕೋಟೆಯಲ್ಲಿ ಹಾಗಲ್ಲ. ಇಲ್ಲಿ ನಿರ್ಮಾಣ ಕೆಲಸದ ಬಹುಪಾಲು ಸ್ವಂತ ಮನೆಗಳೇ, ಅವುಗಳಲ್ಲಿ 50 ಲಕ್ಷ ದಾಟುವವು ಕೆಲವೇ ಕೆಲವು. ಸೈಟಿನ ಬೆಲೆ ಇದಕ್ಕೆ ಸೇರುವುದಿಲ್ಲ, ಕಟ್ಟುವ ಖರ್ಚು ಮಾತ್ರ. 35 ಲಕ್ಷದ ಮನೆಗೆ ಹಳೆಯ ಲೆಕ್ಕದಲ್ಲಿ 35 ಸಾವಿರ ಸೆಸ್ ಬರಬೇಕಿತ್ತು, ಈಗ ಸೊನ್ನೆ. ಮನೆ ಮಾಲೀಕರಿಗೆ ಇದು ಖುಷಿಯ ಸುದ್ದಿ, ಅದರಲ್ಲಿ ತಪ್ಪೇನಿಲ್ಲ. ಸಮಸ್ಯೆ ಬರೀ ಸೆಸ್ಸಿನದಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಸಂಹಿತೆಯನ್ನು ಅಕ್ಷರಕ್ಕೆ ಅಕ್ಷರ ಓದಿದರೆ ಇಂಥ ಮನೆಯ ಕೆಲಸ ‘ಕಟ್ಟಡ ಕೆಲಸ’ ಅನ್ನುವ ವ್ಯಾಖ್ಯೆಯಿಂದಲೇ ಹೊರಗಿದೆ. ಹಾಗಾದರೆ ವರ್ಷವಿಡೀ ಇಂಥ ಮನೆಗಳನ್ನೇ ಕಟ್ಟಿದ ಗೌಂಡಿಯ 90 ದಿನ ಎಲ್ಲಿಂದ ತುಂಬಬೇಕು? ರಾಜ್ಯ ಸರ್ಕಾರದ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಬೇಕು. ಉತ್ತರ ಕರ್ನಾಟಕದ ಶಾಸಕರು ಬೆಳಗಾವಿ ಅಧಿವೇಶನದಲ್ಲಿ ಎತ್ತಬೇಕಾದ ಪ್ರಶ್ನೆ ಇದು.

ಕನಿಷ್ಠ ವೇತನದ ಬಗ್ಗೆ ಎರಡು ಮಾತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕರಡಿನಲ್ಲಿ ಕುಶಲತೆ ಇಲ್ಲದ ಕೆಲಸಗಾರರಿಗೂ ತಿಂಗಳಿಗೆ 19 ಸಾವಿರಕ್ಕಿಂತ ಹೆಚ್ಚು ಪ್ರಸ್ತಾಪಿಸಲಾಗಿತ್ತು. ಉದ್ಯಮಿಗಳು ಜಾಸ್ತಿಯಾಯಿತು ಅಂದರು, ಸಂಘಟನೆಗಳು ಸ್ವಾಗತಿಸಿದವು. ಆದರೆ ಸರ್ಕಲ್ಲಿನಲ್ಲಿ ನಿಂತವನಿಗೆ ತಿಂಗಳ ಸಂಬಳ ಅನ್ನುವುದೇ ಇಲ್ಲ. ಅದನ್ನು 26ರಿಂದ ಭಾಗಿಸಿ ದಿನಗೂಲಿ ಅಂತ ತೋರಿಸಬಹುದು. ಆ 26 ದಿನವನ್ನು ಕೊಡುವವರು ಯಾರು ಅನ್ನುವುದು ಕರಡಿನಲ್ಲಿ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ.

ಮುಂದೆ ಬರುವ ದೊಡ್ಡ ಕೆಲಸ

ಈ ಭಾಗ ದೊಡ್ಡ ನಿರ್ಮಾಣವನ್ನು ನೋಡಿಲ್ಲ ಅಂತಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆ ಮುಳುಗುವಾಗ ನವನಗರ ಅನ್ನುವ ಇಡೀ ಊರನ್ನೇ ಕಟ್ಟಿದರು. ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳ ವಿದ್ಯುತ್ ಸ್ಥಾವರ ಎದ್ದಿತು. ಅಂಥ ಕಾಮಗಾರಿ ನಡೆದಷ್ಟು ದಿನ ಸುತ್ತಲಿನ ಹಳ್ಳಿಗಳಲ್ಲಿ ಕೂಲಿ ಏರಿತು, ಖಾನಾವಳಿ ತುಂಬಿದವು, ರೂಮಿನ ಬಾಡಿಗೆ ಹೆಚ್ಚಿತು. ಕೆಲಸ ಮುಗಿದ ಮೇಲೆ ಒಳಗೆ ಉಳಿದದ್ದು ಇಂಜಿನಿಯರ್‌ಗಳ, ತಂತ್ರಜ್ಞರ ಕೆಲಸ. ಗೌಂಡಿ ಮತ್ತೆ ಸರ್ಕಲ್ಲಿಗೆ ಬಂದ.

ಈಗ ಇನ್ನೊಂದು ಸುತ್ತು ಕಾದಿದೆ. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಪರಿಹಾರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ. ಮುಳುಗುವ ಭೂಮಿಯೇ 75 ಸಾವಿರ ಎಕರೆ ಮೀರುತ್ತದೆ. ಜೊತೆಗೆ 20 ಹಳ್ಳಿಗಳು ಮತ್ತು ಬಾಗಲಕೋಟೆ ಪಟ್ಟಣದ ಒಂದಿಷ್ಟು ಭಾಗ ಬೇರೆ ಕಡೆ ಹೋಗಬೇಕು. ಈ ದುಡ್ಡು ಕೈಗೆ ಬಂದಾಗ ಜನ ಮೊದಲು ಮಾಡುವ ಎರಡು ಕೆಲಸ ಜಮೀನು ಹುಡುಕುವುದು, ಮನೆ ಕಟ್ಟುವುದು. ಆ ವರ್ಷಗಳಲ್ಲಿ ಗೌಂಡಿಗೆ ಬೇಡಿಕೆ ಹೇಗಿರಬಹುದು ಅಂತ ಊಹಿಸಿ. ಕೂಲಿ ಏರುತ್ತದೆ, ಹೊರಗಿನಿಂದ ಗ್ಯಾಂಗುಗಳು ಬರುತ್ತವೆ, ಗೋವಾಕ್ಕೆ ಹೋದವರಲ್ಲಿ ಕೆಲವರು ವಾಪಸ್ ಬರುತ್ತಾರೆ.

ಪುನರ್ವಸತಿ ಕೇಂದ್ರಗಳ ರಸ್ತೆ, ಗಟಾರ, ಶಾಲೆ, ನೀರಿನ ಟ್ಯಾಂಕ್ ಎಲ್ಲ ಸರ್ಕಾರಿ ಗುತ್ತಿಗೆ. ಅವಕ್ಕೆ ಸೆಸ್ ಇದೆ, ಬಿಲ್ ಇದೆ. ಟೆಂಡರಿನಲ್ಲೇ ಒಂದು ಷರತ್ತು ಹಾಕಿ, ಕೆಲಸಗಾರರ ದಿನದ ಹಾಜರಿ ದಾಖಲಿಸಿ ಅದರ ಪ್ರತಿಯನ್ನು ಕಲ್ಯಾಣ ಮಂಡಳಿಗೆ ಕಳಿಸಿದರೆ ಮಾತ್ರ ಬಿಲ್ ಪಾಸ್ ಅಂದರೆ ಸಾಕು. ಹೊಸ ಕಾಯ್ದೆ ಬೇಡ, ಹೊಸ ಆ್ಯಪ್ ಕೂಡ ಬೇಡ. ಆದರೆ ಪಕ್ಕದ ಪ್ಲಾಟುಗಳಲ್ಲಿ ಪರಿಹಾರದ ದುಡ್ಡಿನಿಂದ ಏಳುವ ಸಾವಿರಾರು ಮನೆಗಳು ಸ್ವಂತ ವಾಸದ ಮನೆಗಳು, ಬಹುತೇಕ 50 ಲಕ್ಷದ ಒಳಗಿನವು. ಅಲ್ಲಿ ಬೀಳುವ ಹಾಜರಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆ 50 ಲಕ್ಷದ ಮಿತಿಯನ್ನು ಇನ್ನೂ ಏರಿಸಲು ಸಂಹಿತೆಯಲ್ಲಿ ಅವಕಾಶ ಇಟ್ಟಿದ್ದಾರೆ. ಇಳಿಸಬೇಕಾದರೆ ಸಂಸತ್ತಿನಲ್ಲಿ ತಿದ್ದುಪಡಿ ತರಬೇಕು.